ಇಂಟು ಮಾರ್ಕಿನ ಕಾಡುಗುಲಾಬಿ

ಎಲೆ ಒರೆಸುವುದಕ್ಕೂ ಸಂಬಳ ಕೊಡುತ್ತಾರೆಂದು ಅವನ ಮನೆಯವರು ಬಹಳ ದಿನ ನಂಬಲೇ ಇಲ್ಲ. ಹೇಳಬಾರದ ಇನ್ನೇನೋ ಕೆಲಸ ಮಾಡುತ್ತಿದ್ದಾನೆ, ಮುಚ್ಚಿಡಲು ಈ ಕತೆ ಕಟ್ಟಿದ್ದಾನೆ ಎಂದು ಅವನ ಅಣ್ಣ ತೀರ್ಮಾನಿಸಿಬಿಟ್ಟಿದ್ದ. ಆದರೆ ಕೆಲಸ ನಿಜಕ್ಕೂ ಅದೇ. ಬ್ಯಾಂಕು, ಆಫೀಸು, ಆಸ್ಪತ್ರೆಗಳಿಗೆ ಕುಂಡದ ಗಿಡಗಳನ್ನು ಬಾಡಿಗೆಗೆ ಕೊಡುವ ಕಂಪನಿಯೊಂದಿತ್ತು. ವಾರಕ್ಕೊಮ್ಮೆ ಹೋಗಿ ಆ ಗಿಡಗಳಿಗೆ ನೀರು ಹಾಕಿ, ಹಳದಿ ಎಲೆ ಕತ್ತರಿಸಿ, ಉಳಿದ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಬರುವವನು ಇವನು. ಹಸಿರು ಏಪ್ರನ್ನು, ಒಂದು ಜೇಬಿನಲ್ಲಿ ಕತ್ತರಿ, ಇನ್ನೊಂದರಲ್ಲಿ ನೀರು ಚಿಮುಕಿಸುವ ಬಾಟಲಿ. ಹೀಗೆ ಸಜ್ಜಾಗಿ ಗಂಭೀರವಾಗಿ ಒಳಗೆ ಬರುವವನನ್ನು ಕಂಡು ಯಾವುದೋ ಆಫೀಸಿನ ಕಾವಲುಗಾರ ‘ಎಲೆಡಾಕ್ಟರ್ ಬಂದ್ರು’ ಅಂದ. ಆ ಹೆಸರು ಊರಿಡೀ ಅಂಟಿಕೊಂಡಿತು. ಅವನಿಗೂ ಒಳಗೊಳಗೇ ಖುಷಿಯೇ ಆಗಿತ್ತು. ಓದಿ ಆಗಲಾರದ ಡಾಕ್ಟರು ಒರೆಸಿ ಆದರೂ ಆದನಲ್ಲ.

ಈ ಡಾಕ್ಟರಿಗೆ ಬೇರೆ ಡಾಕ್ಟರುಗಳಿಗಿಲ್ಲದ ಒಂದು ಅನುಕೂಲವಿತ್ತು. ರೋಗಿ ಉಳಿಯುವುದಿಲ್ಲ ಅನಿಸಿದರೆ ಅವನು ಮದ್ದು ಹುಡುಕುತ್ತಿರಲಿಲ್ಲ. ಅಷ್ಟೇ ಎತ್ತರದ, ಅಂಥದ್ದೇ ಎಲೆಯ ಇನ್ನೊಂದು ಗಿಡವನ್ನು ಗೋಡೌನಿನಿಂದ ತಂದು ಅದೇ ಕುಂಡದಲ್ಲಿ ಕೂರಿಸಿ, ಹಳೆಯದನ್ನು ವ್ಯಾನಿಗೆ ಹಾಕಿಕೊಂಡು ಹೋಗುತ್ತಿದ್ದ. ಕಂಪನಿಯಲ್ಲಿ ಇದಕ್ಕೆ ‘ಬದಲಿ’ ಎನ್ನುತ್ತಿದ್ದರು. ಹೋದ ಗಿಡವನ್ನು ಒಂದು ಕರಿ ಪ್ಲಾಸ್ಟಿಕ್ ಕುಂಡಕ್ಕೆ ತುರುಕಿ, ಕುಂಡದ ಮೇಲೆ ಬಿಳಿ ಪೇಂಟಿನಲ್ಲಿ ದೊಡ್ಡ ಇಂಟು ಮಾರ್ಕು ಹಾಕಿ, ಗೋಡೌನಿನ ಹಿಂದಿನ ಬಯಲಿನಲ್ಲಿ ಸಾಲಾಗಿ ಇಡುವುದು. ಸಾಕಷ್ಟು ಸೇರಿದ ಮೇಲೆ ಲಾರಿ ಬಂದು ಗೊಬ್ಬರಕ್ಕೆ ಒಯ್ಯುತ್ತಿತ್ತು. ಬ್ಯಾಂಕಿನ ಮ್ಯಾನೇಜರಂತೂ ತನ್ನ ಮೇಜಿನ ಪಕ್ಕದ ಗಿಡವನ್ನು ಬಂದವರಿಗೆಲ್ಲ ತೋರಿಸಿ, “ನಾನು ಈ ಕುರ್ಚಿಗೆ ಬಂದಾಗಿನಿಂದ ಇದೇ ಗಿಡ, ನನ್ನ ಕೈಗುಣ ನೋಡಿ” ಎನ್ನುತ್ತಿದ್ದರು. ಅವರು ಕುರ್ಚಿಗೆ ಬಂದಮೇಲೆ ಎಷ್ಟು ಗಿಡ ದಾಟಿಹೋಗಿವೆ ಎಂಬುದು ಎಲೆಡಾಕ್ಟರಿಗೆ ಮಾತ್ರ ಗೊತ್ತು. ಅವನು ಎಲೆ ಒರೆಸುತ್ತ, “ಹೌದು ಸರ್, ಕೆಲವರ ಕೈಯೇ ಹಾಗೆ” ಎನ್ನುತ್ತಿದ್ದ.

ಬದಲಿಯನ್ನು ಕಣ್ಣಿಂದ ಹಿಡಿದವಳು ಒಬ್ಬಳೇ. ಕಣ್ಣಾಸ್ಪತ್ರೆಯ ಕೆಳಮಹಡಿಯಲ್ಲಿ ಜನರಿಗೆ ಕನ್ನಡಕ ಕೂರಿಸುವ ಹುಡುಗಿ ಅವಳು. ಒಂದು ದಿನ ಅವನು ಮೂಲೆಯ ಗಿಡಕ್ಕೆ ನೀರು ಹಾಕುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು ಕೇಳಿದಳು.

“ಹೋದ ವಾರ ಇಲ್ಲಿದ್ದ ಗಿಡ ಎಲ್ಲಿ?”

“ಇದೇ ಅಲ್ವಾ ಮೇಡಂ?”

“ಅದರ ಮೇಲಿನ ಎಲೆ ಹರಿದಿತ್ತು. ಇದರದು ಕೆಳಗಿನ ಎಲೆ ಹರಿದಿದೆ.”

“ಬೆಳಕು ಎಲ್ಲ ಕಡೆ ಬೀಳಲಿ ಅಂತ ಆಗಾಗ ತಿರುಗಿಸ್ತೀವಿ ಮೇಡಂ.”

“ತಲೆಕೆಳಗಾಗಿಯೂ ತಿರುಗಿಸ್ತೀರಾ?”

ಅವಳು ಅಲ್ಲಿಗೇ ಬಿಡಲಿಲ್ಲ. ಪರೀಕ್ಷೆಯ ಕುರ್ಚಿಯ ಮೇಲೆ ಅವನನ್ನು ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿಂದ ಕೆಳಗಿನವರೆಗೆ ಓದಿಸಿ, “ಕಣ್ಣು ಸರಿಯಾಗಿದೆ, ನಾಲಿಗೆ ಮಾತ್ರ ಸ್ವಲ್ಪ ಸೊಟ್ಟ” ಎಂದು ವರದಿ ಕೊಟ್ಟಳು. ಆಮೇಲೆ ಕಣ್ಣಾಸ್ಪತ್ರೆಯ ಆ ಒಂದು ಗಿಡಕ್ಕೆ ವಾರದಲ್ಲಿ ಎರಡು ಸಲ ನೀರು ಬೇಕಾಗತೊಡಗಿತು. ಕೆಲವು ವಾರ ಮೂರು ಸಲ. ಗಿಡ ಕೊಳೆಯದೆ ಉಳಿದದ್ದು ಅದರ ಪುಣ್ಯ. ಮದುವೆಯ ಮಾತು ಅವರಿಬ್ಬರ ನಡುವೆ ಯಾವಾಗ ಹುಟ್ಟಿತೋ, ಅವನು ಅದನ್ನು ಮೊದಲು ಹೇಳಿದ್ದು ತಾನೇ ಎಂದು ನಂಬಿದ್ದ. ಅವಳು ತಿದ್ದಲು ಹೋಗಿರಲಿಲ್ಲ.

ಉಳಿದದ್ದು ಅವಳ ಅಪ್ಪ. ಜೀವನವಿಡೀ ಲಿಫ್ಟು ರಿಪೇರಿ ಮಾಡಿ ನಿವೃತ್ತರಾದ ಮೆಕ್ಯಾನಿಕ್ಕು. ಲಿಫ್ಟಿನ ಕೆಳಗೆ ತೋಡಿದ ಗುಂಡಿಯ ಕತ್ತಲೊಳಗೆ ನಿಂತು, ಎಲ್ಲಿ ಏನು ಸದ್ದು ಮಾಡುತ್ತಿದೆ ಎಂದು ಕಿವಿಗೊಟ್ಟು ಕೇಳಿ ಕೇಳಿ, ಎದುರಿಗಿದ್ದವರ ಮಾತನ್ನೂ ಹಾಗೇ ಕೇಳುವ ಅಭ್ಯಾಸ ಅವರಿಗೆ. ಮಾತಿನಲ್ಲಿ ಏನಿದೆ ಅನ್ನುವುದಲ್ಲ, ಮಾತು ಎಲ್ಲಿ ಕಿರುಗುಟ್ಟುತ್ತದೆ ಅನ್ನುವುದು. ಬೇಸಿಗೆಯಲ್ಲಿ ಮೊದಲ ಸಲ ಅವರ ಮನೆಗೆ ಹೋದಾಗ ಎಲೆಡಾಕ್ಟರನ ಮಾತು ಬಾಗಿಲಿನಿಂದಲೇ ಕಿರುಗುಟ್ಟಿತು.

“ನಮಸ್ಕಾರ ಮಾವ.”

“ಇನ್ನೂ ಆಗಿಲ್ಲ. ಕೂತ್ಕೊ.”

ಕೂತದ್ದು ಹಿತ್ತಲಲ್ಲಿ. ಹಿಂದಿನ ಗೋಡೆಯ ತುಂಬ ಒಂದು ಕಾಡುಗುಲಾಬಿ ಹಬ್ಬಿತ್ತು. ಗುಡ್ಡದ ಮೇಲಿನ ಹಳೆಯ ಕಟ್ಟಡವೊಂದಕ್ಕೆ ಲಿಫ್ಟು ಕೂರಿಸಲು ಹೋದಾಗ, ದಾರಿಬದಿಯ ಪೊದೆಯಿಂದ ಅವರು ಒಂದು ಕಡ್ಡಿ ಮುರಿದು ತಂದಿದ್ದರು. ಉಪಕರಣಗಳ ಚೀಲದಲ್ಲಿ ಸ್ಪ್ಯಾನರುಗಳ ಜೊತೆ ಬಂದ ಕಡ್ಡಿ. ಐದೇ ಐದು ಎಸಳಿನ ತಿಳಿಗುಲಾಬಿ ಹೂ, ಮಧ್ಯೆ ಹಳದಿ, ಗಾಳಿ ಬಂದರೆ ಉದುರಿಹೋಗುವಷ್ಟು ತೆಳು. ಕೊಂಬೆಯ ತುಂಬ ಬೆಕ್ಕಿನ ಉಗುರಿನ ಹಾಗೆ ಬಾಗಿದ ಮುಳ್ಳು. ಹೂವಿನ ಗಿಡವನ್ನು ಹತ್ತಿರದಿಂದ ನೋಡಿ ಅಭ್ಯಾಸವಿಲ್ಲದ ಎಲೆಡಾಕ್ಟರ್ ವೃತ್ತಿಗೌರವ ಉಳಿಸಿಕೊಳ್ಳಲು ಕೇಳಿದ.

“ಇದಕ್ಕೆ ಏನು ಗೊಬ್ಬರ ಹಾಕ್ತೀರಿ?”

“ಹಾಕಲ್ಲ.”

“ನೀರು?”

“ಮಳೆ ಬರುತ್ತಲ್ಲ.”

“ಎಲೆ ಒರೆಸೋದು?”

ಒಳಗಿನಿಂದ ಕನ್ನಡಕದ ಹುಡುಗಿ ಕೆಮ್ಮಿದಳು. ಆ ಕೆಮ್ಮು ‘ಸಾಕು ಮಾಡು’ ಎಂಬ ಅರ್ಥದ್ದು. ಅವನಿಗದು ‘ಮುಂದುವರಿಸು’ ಎಂದು ಕೇಳಿಸಿತು. ತನ್ನ ಕೋಣೆಯಲ್ಲಿರುವ ಮಹಾರಾಣಿಯ ವರ್ಣನೆಗೆ ತೊಡಗಿದ. ಮಹಾರಾಣಿ ಎಂದರೆ ಅವನು ಸ್ವಂತಕ್ಕೆ ಸಾಕಿದ ಕ್ಯಾಲಥಿಯಾ, ಬಿಸಿ ನಾಡಿನ ಕಾಡಿನ ಗಿಡ. ಒಂದೊಂದು ಎಲೆಯೂ ಯಾರೋ ಕುಂಚ ಹಿಡಿದು ಗೆರೆ ಎಳೆದ ಹಾಗೆ, ಅಡಿಯಲ್ಲಿ ದಟ್ಟ ನೇರಳೆ. ಹೊತ್ತು ಮುಳುಗಿದರೆ ಎಲೆಗಳನ್ನೆಲ್ಲ ಮೇಲಕ್ಕೆ ಮಡಚಿ ನಿಲ್ಲುತ್ತದೆ. ನೇರ ಬಿಸಿಲು ಆಗದು, ಕತ್ತಲೂ ಆಗದು. ಗಾಳಿ ಬೀಸಿದರೆ ಎಲೆಯ ಅಂಚು ಸುರುಟಿಕೊಳ್ಳುತ್ತದೆ. ನಲ್ಲಿ ನೀರು ಹಾಕಿದರೆ ಮುನಿಸು. ಕಾಯಿಸಿ ಆರಿಸಿದ ನೀರೇ ಬೇಕು. ಬೆಳಗ್ಗೆ ಸಂಜೆ ಮಂಜಿನ ಹಾಗೆ ನೀರು ಚಿಮುಕಿಸಬೇಕು. ಹೇಳುತ್ತ ಹೇಳುತ್ತ ಅವನಿಗೇ ಹುರುಪು ಏರಿತು.

“ಇಷ್ಟೆಲ್ಲ ಮಾಡಿದ್ರೆ ಎಂಥ ಹೂ ಬಿಡುತ್ತೆ?” ಮೆಕ್ಯಾನಿಕ್ಕು ಕೇಳಿದರು.

“ಹೂ... ಅಂಥ ಹೂವೇನೂ ಇಲ್ಲ. ಎಲೆಯೇ ಅದರ ಚೆಂದ.”

“ಹಂ,” ಎಂದರು ಅವರು.

ಆ ‘ಹಂ’ ಅನ್ನು ಅವನು ಮನೆಗೆ ಹೋಗುವ ದಾರಿಯುದ್ದಕ್ಕೂ ಬಿಚ್ಚಿ ಬಿಚ್ಚಿ ನೋಡಿದ. ಏನೂ ಸಿಗಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಮೆಕ್ಯಾನಿಕ್ಕಿನ ಹಿರಿಮಗಳಿಗೆ ಹೆರಿಗೆಯ ದಿನ ಹತ್ತಿರವಾಯಿತು. ಗಂಡಹೆಂಡತಿ ಇಬ್ಬರೂ ಅವಳ ಊರಿಗೆ ಹೊರಟರು. ಅದೇ ಸಮಯಕ್ಕೆ ಹಿತ್ತಲಿನ ಗೋಡೆ ಬಿರುಕು ಬಿಟ್ಟು, ಅದನ್ನು ಕೆಡವಿ ಕಟ್ಟಿಸುವುದು ಅನಿವಾರ್ಯವಾಯಿತು. ಕಾಡುಗುಲಾಬಿಯನ್ನು ಕೀಳಲೇಬೇಕು. ಮೆಕ್ಯಾನಿಕ್ಕು ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬೇರಿನ ಹೆಂಟೆ ಒಡೆಯದ ಹಾಗೆ ಅಗೆದು, ಲಿಫ್ಟಿನ ಗ್ರೀಸು ಬರುತ್ತಿದ್ದ ದೊಡ್ಡ ತಗಡಿನ ಡಬ್ಬದಲ್ಲಿ ನೆಟ್ಟರು. ಡಬ್ಬವನ್ನು ಎಲೆಡಾಕ್ಟರನ ತೋಳಿಗೆ ಕೊಟ್ಟರು.

“ಗಿಡದವನು ಅಂತೀಯಲ್ಲ. ನಾನು ಬರೋವರೆಗೂ ಇಟ್ಕೊ. ಗೋಡೆ ಆದ್ಮೇಲೆ ಅಲ್ಲೇ ನೆಡ್ಬೇಕು.”

“ಚಿಂತೆ ಬಿಡಿ ಮಾವ.”

“ಇನ್ನೂ ಆಗಿಲ್ಲ ಅಂದೆ. ಅದರ ಪಾಡಿಗೆ ಅದನ್ನ ಬಿಡು, ಅಷ್ಟೇ. ಬಂದ್ಮೇಲೆ ಮಾತಾಡೋಣ.”

‘ಮಾತಾಡೋಣ’ ಎಂದರೆ ಏನೆಂದು ಪಕ್ಕದಲ್ಲಿ ನಿಂತಿದ್ದ ಕನ್ನಡಕದ ಹುಡುಗಿಯೂ ಸೇರಿ ಮೂವರಿಗೂ ಗೊತ್ತಿತ್ತು. ಎಲೆಡಾಕ್ಟರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜಗತ್ತಿನಲ್ಲಿ ಇಷ್ಟು ಗಂಡುಗಳಿಗೆ ಇಷ್ಟು ಬಗೆಯ ಪರೀಕ್ಷೆ ಇರುವಾಗ, ತನಗೆ ಸಿಕ್ಕಿದ್ದು ಗಿಡ ಸಾಕುವ ಪರೀಕ್ಷೆ. ಇದಕ್ಕಿಂತ ಅದೃಷ್ಟ ಬೇಕೆ? ಮೀನಿಗೆ ಈಜಿ ತೋರಿಸು ಅಂದ ಹಾಗಾಯಿತು ಎಂದುಕೊಂಡ. ‘ಅದರ ಪಾಡಿಗೆ ಬಿಡು’ ಎಂದದ್ದನ್ನು ದೊಡ್ಡವರ ಸಂಕೋಚದ ಮಾತು ಎಂದು ತೆಗೆದುಹಾಕಿದ. ಮನೆಗೆ ಬಂದ ನೆಂಟರು ‘ಏನೂ ಬೇಡ, ಏನೂ ಬೇಡ’ ಅನ್ನುವುದಿಲ್ಲವೆ, ಹಾಗೆ.

ಕಾಡುಗುಲಾಬಿಯ ಆರೈಕೆ ಶುರುವಾಯಿತು. ಹೊರಗೆ ಚಳಿಯೆಂದು ಅದನ್ನು ಕೋಣೆಯೊಳಗೆ ಹೀಟರಿನ ಹತ್ತಿರ ಮಹಾರಾಣಿಯ ಪಕ್ಕದಲ್ಲೇ ಕೂರಿಸಿದ. ಕಿಟಕಿಗೆ ತೆಳು ಪರದೆ ಎಳೆದ. ಕಾಯಿಸಿ ಆರಿಸಿದ ನೀರು. ಬೆಳಗ್ಗೆ ಸಂಜೆ ಮಂಜು. ಭಾನುವಾರ ಎಲೆ ಒರೆಸುವ ಕಾರ್ಯಕ್ರಮ. ಮಹಾರಾಣಿಯ ಎಲೆ ಒಂದೊಂದೂ ತಟ್ಟೆಯಷ್ಟಗಲ, ಒರೆಸಲು ಅಂಗೈಯಿಟ್ಟರೆ ತಾನೇ ಒರಗಿಕೊಳ್ಳುತ್ತದೆ. ಗುಲಾಬಿಯದು ಬೆರಳ ತುದಿಯಷ್ಟು ಎಲೆ, ಅಂಚಿಗೆ ಗರಗಸ, ಹಿಂದೆ ಮುಳ್ಳು ಕಾದು ಕೂತಿರುತ್ತದೆ. ಮೊದಲ ಭಾನುವಾರ ಒರೆಸುವ ಬಟ್ಟೆ ಹರಿಯಿತು. ಎರಡನೆಯದರಲ್ಲಿ ಅಂಗಿಯ ತೋಳು. ಆಮೇಲೆ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದಾಗ ಕಣ್ಣಾಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು.

“ಏನಾಯ್ತು ಕೈಗೆ?”

“ನಿಮ್ಮ ಗಿಡ ಕಚ್ತು.”

“ಅದರ ತಂಟೆಗೆ ಯಾಕೆ ಹೋಗಿದ್ದೆ?”

“ಸ್ನಾನ ಮಾಡಿಸ್ತಿದ್ದೆ.”

“ಅಪ್ಪ ಅದಕ್ಕೆ ಒಂದು ಲೋಟ ನೀರೂ ಕೊಟ್ಟಿದ್ದು ನಾನು ನೋಡಿಲ್ಲ.”

“ಅದಕ್ಕೇ ಅಷ್ಟು ಸಿಟ್ಟು ಅದಕ್ಕೆ.”

ಇಷ್ಟು ಪ್ರೀತಿಗೆ ಕಾಡುಗುಲಾಬಿ ಕೊಟ್ಟ ಉತ್ತರ ಎಲೆಯ ಮೇಲೆ ಬಿಳಿ ಬೂಷ್ಟು. ಹಿಟ್ಟು ಉದುರಿಸಿದ ಹಾಗಿತ್ತು. ಅವನು ಅದನ್ನೂ ಒರೆಸಿದ. ಎಲೆಗಳು ಹಳದಿಗೆ ತಿರುಗಿದವು. ಹಳದಿಯನ್ನು ಕತ್ತರಿಸಿದ. ಉಳಿದವು ಅವನು ಕತ್ತರಿಸುವ ಮುಂಚೆ ತಾವಾಗಿಯೇ ಉದುರತೊಡಗಿದವು. ಅವನು ಕೆಲಸದಿಂದ ಬಂದು ಬಾಗಿಲು ತೆರೆದರೆ ಆ ಗಾಳಿಗೇ ನಾಲ್ಕು ಎಲೆ ಬೀಳುತ್ತಿದ್ದವು. ಬಾಗಿಲನ್ನು ಕಳ್ಳನ ಹಾಗೆ ಮೆಲ್ಲಗೆ ತೆರೆಯುವುದನ್ನು ಕಲಿತ. ಆದರೂ ಒಂದು ಸಂಜೆ ಬಂದು ನೋಡಿದಾಗ ಡಬ್ಬದಲ್ಲಿ ಮುಳ್ಳು ತುಂಬಿದ ಬೋಳು ಕಡ್ಡಿಗಳು ಮಾತ್ರ ನಿಂತಿದ್ದವು. ಪಕ್ಕದಲ್ಲಿ ಮಹಾರಾಣಿ ಎಂದಿನಂತೆ ಎಲೆ ಮಡಚಿ ನಿಂತಿದ್ದಳು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ.

ಎಲೆಡಾಕ್ಟರನ ವಿದ್ಯೆಯೆಲ್ಲ ಎಲೆಯಲ್ಲೇ ಇತ್ತು. ವರ್ಷವಿಡೀ ಒಂದೇ ಹವೆಯ ಕೋಣೆಗಳಲ್ಲಿ, ವರ್ಷವಿಡೀ ಎಲೆ ಹೊತ್ತು ನಿಲ್ಲುವ ಗಿಡಗಳನ್ನಲ್ಲದೆ ಬೇರೆ ಗಿಡ ಅವನು ಸಾಕಿರಲಿಲ್ಲ. ಅವನ ಲೆಕ್ಕದಲ್ಲಿ ಎಲೆ ಇದ್ದರೆ ಜೀವ, ಎಲೆ ಹೋದರೆ ಲಾರಿ. ಕಡ್ಡಿಯನ್ನು ಗೀರಿ ನೋಡಬೇಕೆಂದು ಕೂಡ ಹೊಳೆಯಲಿಲ್ಲ. ಸತ್ತಿತು. ಮಾವ ಆಗಬೇಕಿದ್ದವರ ಕಾಡುಗುಲಾಬಿ ತನ್ನ ಕೋಣೆಯಲ್ಲಿ, ತನ್ನ ಕೈಯಲ್ಲಿ ಸತ್ತಿತು.

ಆಮೇಲೆ ಅವನು ಮಾಡಿದ್ದನ್ನು ಬೇರೆ ಯಾವ ಕಸುಬಿನವನೂ ಮಾಡುತ್ತಿರಲಿಲ್ಲ. ಬೇರೆಯವರಾದರೆ ಅಳುತ್ತಿದ್ದರು, ಫೋನು ಮಾಡುತ್ತಿದ್ದರು, ಊರು ಬಿಡುತ್ತಿದ್ದರು. ಎಲೆಡಾಕ್ಟರನ ಕೈ ಯೋಚಿಸಲಿಲ್ಲ, ಅದಕ್ಕೆ ಗೊತ್ತಿದ್ದದ್ದನ್ನು ಮಾಡಿತು. ಮರುದಿನವೇ ಒಂದು ನರ್ಸರಿಯಿಂದ ಅಷ್ಟೇ ಎತ್ತರದ, ಎಲೆ ತುಂಬಿದ ಗುಲಾಬಿ ಗಿಡ ತಂದು ಗ್ರೀಸಿನ ಡಬ್ಬದಲ್ಲಿ ಕೂರಿಸಿದ. ಕಡ್ಡಿಯನ್ನು ಅದರ ಹೆಂಟೆಯ ಸಮೇತ ಕರಿ ಕುಂಡಕ್ಕೆ ಹಾಕಿ, ವ್ಯಾನಿನಲ್ಲಿ ಗೋಡೌನಿಗೆ ಒಯ್ದು, ಇಂಟು ಮಾರ್ಕು ಎಳೆದು, ಹಿಂದಿನ ಬಯಲಿನ ಸಾಲಿನಲ್ಲಿ ಇಟ್ಟು ಬಂದ. ಬದಲಿ ಮುಗಿಯಿತು. ಕೈ ತೊಳೆದುಕೊಳ್ಳುವಾಗ ಮಾತ್ರ, ಇದು ಬ್ಯಾಂಕಲ್ಲ ಎಂಬುದು ಅವನಿಗೆ ನೆನಪಾಯಿತು. ಆದರೆ ಆ ಹೊತ್ತಿಗೆ ಕೈ ಒದ್ದೆಯಾಗಿತ್ತು.

ಅಂದಿನಿಂದ ಫೋನು ಬಂದಾಗಲೆಲ್ಲ ಬೆವರು.

“ಗಿಡ ಹೇಗಿದೆ?” ಮೆಕ್ಯಾನಿಕ್ಕು ಕೇಳುತ್ತಿದ್ದರು.

“ಎಲೆ ತುಂಬ್ಕೊಂಡಿದೆ.”

“ಈ ಚಳೀಲಾ?”

“ಹೌದು, ದಟ್ಟವಾಗಿದೆ.”

“ಹಂ.”

ಕನ್ನಡಕದ ಹುಡುಗಿ ಗಿಡ ನೋಡಲು ಬರುತ್ತೇನೆಂದಾಗಲೆಲ್ಲ ಅವನ ಕೋಣೆಗೆ ಏನಾದರೊಂದು ಆಗುತ್ತಿತ್ತು. ಒಮ್ಮೆ ಸುಣ್ಣ ಬಳಿಯುವವರು, ಒಮ್ಮೆ ಇಲಿ, ಒಮ್ಮೆ ಬೀಗ ಕೆಟ್ಟದ್ದು. ಚಳಿ ಹಿಂದೆ ಸರಿಯುವ ಹೊತ್ತಿಗೆ ಅವನ ಹತ್ತಿರ ಆಪತ್ತುಗಳು ಖಾಲಿಯಾದವು. ಒಂದು ಗುರುವಾರ ಸಂಜೆ ಅವಳೇ ಹೇಳದೆ ಬಂದು ಬಾಗಿಲು ತಟ್ಟಿದಳು. ಮುಖದ ತುಂಬ ಸಂಭ್ರಮ.

“ಅಪ್ಪ ಅಮ್ಮ ಭಾನುವಾರ ಬರ್ತಿದಾರೆ. ಗೋಡೆಯೂ ಮುಗೀತು. ಎಲ್ಲಿ ನಮ್ಮ ಗಿಡ?”

ಅವನು ಪಕ್ಕಕ್ಕೆ ಸರಿದು ನಿಂತ. ಅವಳು ಗ್ರೀಸಿನ ಡಬ್ಬದ ಮುಂದೆ ಕೂತಳು. ಕೂತು ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎದ್ದಳು.

“ಇದು ಯಾರು?”

ಅವನು ತಲೆ ಬಗ್ಗಿಸಿದ.

“ಮುಳ್ಳು ನೆಟ್ಟಗಿದೆ. ನಮ್ಮದು ಬಾಗಿರುತ್ತೆ. ಮೊಗ್ಗು ನೋಡು, ಹೊಟ್ಟೆ ಎಷ್ಟು ದಪ್ಪ. ಇದರೊಳಗೆ ಐದು ಎಸಳಲ್ಲ, ಒಂದು ಹಾಸಿಗೆಗೆ ಆಗೋಷ್ಟಿದೆ. ಬದಲಿ ಮಾಡಿದ್ಯಾ?”

“ಅದು ಸತ್ತೋಯ್ತು.”

“ನನಗೆ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ನೀನೂ ಹೋಗ್ಬಿಡ್ತೀಯ ಅನ್ನಿಸ್ತು.”

ಅವಳು ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. “ನಾನು ಸತ್ತರೆ ನನ್ನ ಜಾಗಕ್ಕೂ ಅದೇ ಎತ್ತರದವಳನ್ನ ತಂದು ಕೂರಿಸ್ತೀಯಾ?”

ಇದು ತಮಾಷೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. ಎರಡೂ ಇರಬೇಕು.

“ಹಳೇದು ಎಲ್ಲಿ?”

“ಗೋಡೌನ್ ಹಿಂದೆ. ಕಡ್ಡಿ ಅಷ್ಟೇ.”

“ಕಡ್ಡಿಯಾದ್ರೂ ನಮ್ಮ ಕಡ್ಡಿ ತಾನೆ. ಭಾನುವಾರ ಅದನ್ನ ಅಪ್ಪನ ಕೈಗೆ ಕೊಟ್ಟು, ನಡೆದದ್ದನ್ನ ನೀನೇ ಹೇಳು. ನಾನು ಹೇಳಲ್ಲ.” ಬಾಗಿಲ ಹತ್ತಿರ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದಳು. “ನಾನು ಎಲ್ಲೂ ಹೋಗ್ತಿಲ್ಲ. ಸಿಟ್ಟು ಬಂದಿದೆ, ಅದು ಬೇರೆ.”

ಆ ಕೊನೆಯ ಮಾತಿನ ಬಲದ ಮೇಲೆ ಅವನು ಬೆಳಗಾಗುವುದನ್ನೇ ಕಾದು ವ್ಯಾನು ಹೊರಡಿಸಿದ. ಅರ್ಧ ದಾರಿಯಲ್ಲಿ ನೆನಪಾಯಿತು: ಲಾರಿ ಬರುವುದಿದ್ದರೆ ಶುಕ್ರವಾರವೇ, ಇವತ್ತು ಶುಕ್ರವಾರ. ಈ ಚಳಿಗಾಲ ಲಾರಿ ಒಮ್ಮೆಯೂ ಬಂದಿರಲಿಲ್ಲ, ಸಾಲು ಗೇಟಿನವರೆಗೂ ಬೆಳೆದಿತ್ತು. ಈ ವಾರ ತುಂಬಿಕೊಂಡು ಹೋಗದೆ ಇರಲಾರರು. ಅವನು ವ್ಯಾನಿನ ಹೊಟ್ಟೆಯಿಂದ ಅದು ಎಂದೂ ಮಾಡದ ಸದ್ದೆಲ್ಲ ಮಾಡಿಸಿದ. ಹಿಂದೆ ಬ್ಯಾಂಕಿಗೆ ಹೊರಟಿದ್ದ ಗಿಡಗಳು ಒಂದರ ಮೇಲೊಂದು ಬಿದ್ದವು.

ಲಾರಿ ಬಂದಿತ್ತು. ಹಿಂಬದಿಯ ಹಲಗೆ ಬಿಚ್ಚಿ, ಇಬ್ಬರು ಆಳುಗಳು ಕುಂಡಗಳನ್ನು ಎಸೆಯುತ್ತಿದ್ದರು. ಗೋಡೌನ್ ನೋಡಿಕೊಳ್ಳುವ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

“ಅಕ್ಕ, ನಿಲ್ಸಿ. ನಂದೊಂದು ಗಿಡ ಇದೆ ಅದರಲ್ಲಿ.”

“ಎಲ್ಲ ನಿಂದೇ ಅಲ್ವೇನೋ. ಅರ್ಧ ಮಾರ್ಕು ನಿನ್ನ ಕೈದೇ.”

“ಗುಲಾಬಿ. ಕಡ್ಡಿ ಕಡ್ಡಿಯಾಗಿದೆ. ಮುಳ್ಳಿದೆ.”

“ಮುಳ್ಳಿದ್ದದ್ದಾ?” ಲಾರಿಯ ಮೇಲಿದ್ದ ಆಳು ಬೆರಳು ಚೀಪುತ್ತ ಕೆಳಗೆ ನೋಡಿದ. “ಆಗ್ಲೇ ಎತ್ತೋಕೆ ಹೋಗಿ ಕೈ ಕೊಯ್ಕೊಂಡೆ. ಅಲ್ಲೇ ಬಿಟ್ಟಿದೀನಿ, ಗೋಡೆ ಮೂಲೇಲಿ. ಅದನ್ನ ನೀನೇ ಎತ್ತು, ಪುಣ್ಯಾತ್ಮ.”

ಎಲೆಡಾಕ್ಟರ್ ಓಡಿದ. ಬಯಲಿನ ಗೋಡೆಯ ಮೂಲೆಯಲ್ಲಿ, ಇಡೀ ಚಳಿ ಯಾರೂ ತಿರುಗಿ ನೋಡದ ಜಾಗದಲ್ಲಿ, ಗಾಳಿಗೂ ಮಂಜಿಗೂ ಮೈಯೊಡ್ಡಿಕೊಂಡು ಆ ಕರಿ ಕುಂಡ ನಿಂತಿತ್ತು. ಅವನು ಮಂಡಿಯೂರಿದ. ಮೊದಲು ಅವನಿಗೆ ಅದು ಪೇಂಟಿನ ಹನಿ ಅನಿಸಿತು. ಪೇಂಟು ಬಿಳಿ, ಇವು ಕೆಂಪು. ಒಂದೊಂದು ಮುಳ್ಳಿನ ಪಕ್ಕದಲ್ಲಿ, ಒಂದೊಂದು ಗಂಟಿನಲ್ಲಿ, ಸಾಸಿವೆಯಷ್ಟು, ಕಡಲೆಯಷ್ಟು ಕೆಂಪು ಮೊಳಕೆ. ತುದಿಯಲ್ಲಿ ಒಂದು ಆಗಲೇ ಬಾಯಿ ಬಿಟ್ಟು, ಗರಗಸದ ಅಂಚಿನ ಪುಟ್ಟ ಎಲೆಯೊಂದನ್ನು ಮಡಿಕೆ ಬಿಚ್ಚಿ ಹೊರಗೆ ಹಿಡಿದಿತ್ತು. ಬೂಷ್ಟಿಲ್ಲ, ಹಳದಿಯಿಲ್ಲ. ಯಾರೂ ಒರೆಸದ ಎಲೆ ಹಾಗೆ ಹೊಳೆಯುವುದನ್ನು ಅವನು ಈ ಕಸುಬಿಗೆ ಬಂದ ಮೇಲೆ ಕಂಡಿರಲಿಲ್ಲ.

“ಬದುಕಿದೆ ಅಕ್ಕ,” ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. “ಅಕ್ಕ, ಬದುಕಿದೆ. ನೋಡಿ ಇಲ್ಲಿ. ಇಲ್ಲೂ ಇದೆ. ಇಲ್ಲೂ.”

ಅಕ್ಕ ಬಂದಳು, ಆಳುಗಳೂ ಕೆಳಗಿಳಿದು ಬಂದರು. ನಾಲ್ಕು ಜನ ಒಂದು ಕಡ್ಡಿಯ ಸುತ್ತ ಬಗ್ಗಿ ನಿಂತರು. ಅವನು ಒಂದೊಂದು ಮೊಳಕೆಯನ್ನೂ ಬೆರಳು ತಾಗಿಸದೆ ತೋರಿಸಿದ. ಹೆತ್ತ ಮಗುವಿನ ಬೆರಳು ಎಣಿಸುವವರ ಹಾಗೆ.

“ಕಾಡು ಗುಲಾಬಿ ಚಳೀಲಿ ಎಲೆ ಉದುರಿಸುತ್ತಪ್ಪ,” ಎಂದಳು ಅಕ್ಕ. “ನಮ್ಮ ಮನೆ ಬೇಲೀಲೂ ಇದೆ. ನಿನಗೆ ಗೊತ್ತಿರ್ಲಿಲ್ವಾ?”

“ನನಗೆ ಗೊತ್ತಿರೋದೇನು ಅಂತಾನೇ ಗೊತ್ತಾಗ್ತಿಲ್ಲ ಅಕ್ಕ,” ಎಂದು ಅವನು ನಕ್ಕು, ಮೆಕ್ಯಾನಿಕ್ಕಿನ ಡಬ್ಬದಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿಬಿಟ್ಟ.

“ಹೋಗ್ಲಿ, ಆ ಡಬ್ಬಕ್ಕೆ ಮತ್ತೆ ಹಾಕ್ಬಿಡು. ಬಂದವರಿಗೆ ಏನು ಗೊತ್ತಾಗುತ್ತೆ? ಕೊಟ್ಟ ಗಿಡ, ಕೊಟ್ಟ ಡಬ್ಬ. ಮಾತು ಮುಗೀತು.”

ಅದಕ್ಕಿಂತ ಸುಲಭದ ಬದಲಿ ಇನ್ನೊಂದಿರಲಿಲ್ಲ. ಇಡೀ ಚಳಿಗಾಲ ಅಳಿಸಿಹೋಗುತ್ತಿತ್ತು. ಅವನು ಕುಂಡವನ್ನು ಓರೆ ಮಾಡಿ ಅಡಿಯನ್ನು ನೋಡಿದ. ಅಡಿಯ ತೂತುಗಳಿಂದ ಹೊಸ ಬೇರುಗಳು ಬಿಳಿ ದಾರದ ಹಾಗೆ ಇಳಿಬಿದ್ದಿದ್ದವು. ಗಿಡ ಮಲಗಿದ್ದಾಗ ಅವನು ಒರಟಾಗಿ ಎತ್ತಿಹಾಕಿದ್ದು ಅದಕ್ಕೆ ತಿಳಿಯಲಿಲ್ಲ. ಈಗ ಎದ್ದಿದೆ. ಎಳೆದರೆ ಈ ದಾರಗಳೆಲ್ಲ ಹರಿಯುತ್ತವೆ, ದಾರ ಹರಿದರೆ ಮೇಲಿನ ಕೆಂಪು ಒಣಗುತ್ತದೆ. ಕುಂಡದಿಂದ ಕುಂಡಕ್ಕೆ ಗಿಡ ಎತ್ತಿ ಕೂರಿಸುವವನಾದ್ದರಿಂದ, ಬೇರಿನ ಮಟ್ಟಿಗೆ ಅವನ ವಿದ್ಯೆ ಸುಳ್ಳಾಗುವಂತಿರಲಿಲ್ಲ. ಉಳಿಯಬಹುದು, ಉಳಿಯದೆಯೂ ಇರಬಹುದು. ಇನ್ನೊಂದು ಸಲ ಅದನ್ನು ಪಣಕ್ಕೊಡ್ಡುವ ಧೈರ್ಯ ಅವನಿಗಾಗಲಿಲ್ಲ.

“ಬೇಡ,” ಎಂದ. “ಹೀಗೇ ಒಯ್ತೀನಿ.”

“ಇಂಟು ಮಾರ್ಕಿನ ಜೊತೆಗಾ?”

“ಇಂಟು ಮಾರ್ಕಿನ ಜೊತೆಗೆ.”

ಭಾನುವಾರ ಅವನು ಕುಂಡವನ್ನು ತಬ್ಬಿಕೊಂಡು ಮೆಕ್ಯಾನಿಕ್ಕಿನ ಮನೆಯ ಬಾಗಿಲಲ್ಲಿ ನಿಂತಾಗ ಬಿಳಿ ಗುರುತು ಹೊರಮುಖವಾಗಿತ್ತು. ಬೇಕೆಂದೇ ಹಾಗೆ ಹಿಡಿದಿದ್ದ. ಮೆಕ್ಯಾನಿಕ್ಕು ಮೊದಲು ಕುಂಡ ನೋಡಿದರು, ಆಮೇಲೆ ಕಡ್ಡಿ, ಆಮೇಲೆ ಅವನ ಮುಖ. ಕನ್ನಡಕದ ಹುಡುಗಿ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಈ ಸಲ ಕೆಮ್ಮಲಿಲ್ಲ.

“ಏನಿದು ಗುರುತು?”

“ಸತ್ತ ಗಿಡಕ್ಕೆ ನಾವು ಹಾಕೋದು,” ಎಂದ ಅವನು. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಹೀಟರು, ಪರದೆ, ಆರಿಸಿದ ನೀರು, ಭಾನುವಾರದ ಸ್ನಾನ, ಬೂಷ್ಟು, ಬೋಳು ಕಡ್ಡಿ, ನರ್ಸರಿಯ ಗುಲಾಬಿ, ಫೋನಿನಲ್ಲಿ ಹೇಳಿದ ದಟ್ಟ ಎಲೆ, ಲಾರಿ, ಬೆರಳು ಕೊಯ್ದುಕೊಂಡ ಆಳು, ಎಲ್ಲವನ್ನೂ ಹೇಳಿದ. ಡಬ್ಬಕ್ಕೆ ಮತ್ತೆ ಯಾಕೆ ಹಾಕಲಿಲ್ಲ ಎಂಬುದನ್ನು ಹೇಳಲು ಕುಂಡವನ್ನು ಎತ್ತಿ ಅಡಿಯ ಬೇರು ತೋರಿಸಿದ. ಮೆಕ್ಯಾನಿಕ್ಕು ಕಣ್ಣು ಅರೆ ಮುಚ್ಚಿ ಕೇಳಿದರು, ಗುಂಡಿಯಲ್ಲಿ ನಿಂತು ಮೋಟರಿನ ಸದ್ದು ಕೇಳಿದ ಹಾಗೆ. ಎಲ್ಲೂ ಕಿರುಗುಟ್ಟಲಿಲ್ಲ.

“ಚಳಿಗಾಲದಲ್ಲಿ ದಟ್ಟ ಎಲೆ ಅಂದಾಗಲೇ ನನಗೆ ಗೊತ್ತಾಯ್ತು,” ಎಂದರು ಕೊನೆಗೆ. “ಲಿಫ್ಟು ಕೆಳಗೆ ಕತ್ತಲಲ್ಲಿ ನಿಂತಿದ್ರೆ ಕೆಟ್ಟಿದೆ ಅಂತಲೇನೋ? ಮೇಲಿಂದ ಯಾರೂ ಕರೆದಿಲ್ಲ, ಅಷ್ಟೇ.”

“ತಪ್ಪಾಯ್ತು ಮಾ...” ಎಂದು ಅವನು ಅರ್ಧದಲ್ಲೇ ನುಂಗಿದ.

“ನೀನು ಪ್ರೀತಿಯಿಂದ ಇಟ್ಕೊಂಡಿದ್ರೆ ಸಾಯ್ತಿತ್ತು. ಬಿಸಾಕಿದ್ದಕ್ಕೆ ಉಳೀತು.” ಅವರು ಮಗಳ ಕಡೆ ತಿರುಗಿದರು. “ಇವನು ನಿನ್ನನ್ನ ಯಾವ ಗಿಡದ ಹಾಗೆ ನೋಡ್ಕೊತಾನೆ ಅಂತ ಕೇಳಿದೀಯಾ?”

“ನನ್ನನ್ನ ಒರೆಸೋಕೆ ಬಂದ್ರೆ ನನಗೂ ಮುಳ್ಳಿದೆ ಅಂತ ಹೇಳಿದೀನಿ,” ಎಂದಳು ಅವಳು.

ಮೆಕ್ಯಾನಿಕ್ಕು ಹೊಸ ಗೋಡೆಯ ಬುಡದಲ್ಲಿ ಗುಂಡಿ ತೋಡಿದರು. ಕುಂಡವನ್ನು ಗುಂಡಿಯೊಳಗೇ ಇಳಿಸಿ, ಚೂರಿಯಿಂದ ಪ್ಲಾಸ್ಟಿಕ್ಕನ್ನು ಮೇಲಿಂದ ಕೆಳಗೆ ಸೀಳಿ, ಸಿಪ್ಪೆಯ ಹಾಗೆ ಬಿಡಿಸಿ ತೆಗೆದರು. ಹೆಂಟೆ ಅಲುಗಲಿಲ್ಲ. ಇಂಟು ಮಾರ್ಕು ಎರಡು ತುಂಡಾಗಿ ಅವನ ಕೈಗೆ ಬಂತು.

“ಹೂ ಬಿಡಲಿ,” ಎಂದರು ಮಣ್ಣು ತಟ್ಟುತ್ತ. “ಆಮೇಲೆ ಮಾತಾಡೋಣ. ಅಲ್ಲೀವರೆಗೆ ಬಂದು ನೋಡು, ಬೇಡ ಅನ್ನಲ್ಲ. ಕೈ ಮಾತ್ರ ಜೇಬಲ್ಲಿರಲಿ.”

ಆ ದಿನಗಳಷ್ಟು ಸಡಗರವನ್ನು ಎಲೆಡಾಕ್ಟರ್ ಹಿಂದೆ ಅನುಭವಿಸಿರಲಿಲ್ಲ. ಕೆಲಸ ಮುಗಿದ ಕೂಡಲೇ ಹಿತ್ತಲಿಗೆ ಓಡುವನು, ಕೈಗಳನ್ನು ಜೇಬಿಗೆ ತುರುಕಿಕೊಂಡು ಗಿಡದ ಮುಂದೆ ನಿಲ್ಲುವನು. ಕೆಂಪು ಚಿಗುರು ಹಸಿರಾಯಿತು. ಮಾರುದ್ದ ಬಳ್ಳಿ ಗೋಡೆ ಹಿಡಿಯಿತು. ಒಂದು ದಿನ ಎಲೆಯ ಮೇಲೆ ರಸ ಹೀರುವ ಗಿಡಹೇನು ಕೂತದ್ದು ಕಂಡು ಅವನ ಬೆರಳುಗಳು ಜೇಬಿನೊಳಗೇ ಒದ್ದಾಡಿದವು. ಮೆಕ್ಯಾನಿಕ್ಕು ಕುರ್ಚಿಯಿಂದ ಕೆಮ್ಮಿದರು. ಎರಡು ದಿನ ಬಿಟ್ಟು ಬಂದರೆ ಹೇನನ್ನು ಗುಬ್ಬಿಗಳು ಮುಗಿಸಿದ್ದವು. ಮನೆಯಲ್ಲಿ ಮಹಾರಾಣಿ ಮಾತ್ರ ತನ್ನ ಆರಿಸಿದ ನೀರಿಗೆ ಹೊತ್ತು ತಪ್ಪಿದ್ದಕ್ಕೆ ಒಂದು ಎಲೆಯ ಅಂಚು ಸುರುಟಿಕೊಂಡಳು. ಅವನು ಕ್ಷಮೆ ಕೇಳಿ ಎರಡು ಸಲ ಮಂಜು ಹಾಕಿದ. ಅವಳ ಗುಣ ಅವಳದು, ಅದಕ್ಕೇನು ಮಾಡುವುದು. ನರ್ಸರಿಯ ಗುಲಾಬಿ ಕೆಂಪಗೆ ದಪ್ಪಗೆ ಅರಳಿ ಕಣ್ಣಾಸ್ಪತ್ರೆಯ ಬಾಗಿಲಿಗೆ ಹೋಯಿತು. ಕನ್ನಡಕ ಹಾಕಿಕೊಂಡು ಹೊರಬಂದವರು ಮೊದಲು ನೋಡುವುದು ಅದನ್ನೇ, ಗ್ರೀಸಿನ ಡಬ್ಬದ ಸಮೇತ.

ಫೋನು ಬಂದಾಗ ಅವನು ಬ್ಯಾಂಕಿನಲ್ಲಿ ಮ್ಯಾನೇಜರ ಗಿಡ ಒರೆಸುತ್ತಿದ್ದ. ಮ್ಯಾನೇಜರು ಯಾರಿಗೋ ತಮ್ಮ ಕೈಗುಣ ವಿವರಿಸುತ್ತಿದ್ದರು.

“ಐದೇ ಎಸಳು,” ಎಂದಿತು ಮೆಕ್ಯಾನಿಕ್ಕಿನ ದನಿ. “ಬೆಳಗ್ಗೆ ಬಿಟ್ಟಿದೆ. ಗಾಳಿ ಬಂದ್ರೆ ಉದುರುತ್ತೆ, ಬೇಗ ಬಾ. ಬರುವಾಗ ನಿಮ್ಮಪ್ಪ ಅಮ್ಮನ್ನೂ ಕರ್ಕೊಂಡು ಬಾ.”

“ಬಂದೆ ಮಾವ.”

‘ಇನ್ನೂ ಆಗಿಲ್ಲ’ ಎಂಬ ಮಾತಿಗೆ ಅವನು ಉಸಿರು ಹಿಡಿದು ಕಾದ. ಅದು ಬರಲಿಲ್ಲ.

“ಹಂ,” ಎಂದರು ಅವರು.

ಈ ‘ಹಂ’ ಅನ್ನು ಬಿಚ್ಚಿ ನೋಡುವ ಅಗತ್ಯ ಬೀಳಲಿಲ್ಲ. ಏಪ್ರನ್ನು ಬಿಚ್ಚದೆಯೇ ಅವನು ಬ್ಯಾಂಕಿನ ಮೆಟ್ಟಿಲು ಹಾರಿ ಇಳಿದ. ಸಂಜೆಯವರೆಗೂ ಮ್ಯಾನೇಜರ ಪಕ್ಕದ ಗಿಡ ಅರ್ಧ ಎಲೆ ಫಳಫಳ, ಅರ್ಧ ಎಲೆ ಧೂಳು ಹೊತ್ತು ನಿಂತಿತ್ತು. ಒಂದು ಕೊಂಬೆಗೆ ಒದ್ದೆ ಬಟ್ಟೆ ತೂಗುತ್ತಿತ್ತು.